ರೋಜನ್ ಮೇಡನ್: 2013ರ ಸರಣಿ ಯಾವುದರ ಮುಂದುವರಿಕೆ?

ಪ್ರಶ್ನೆ: ರೋಜನ್ ಅನ್ನೋನು ಮಾಡಿದ ಜೀವಂತ ಗೊಂಬೆಗಳ ಕಥೆ ಇರೋ ಈ ಜಪಾನಿ ಅನಿಮೆಯ ಮೊದಲ ಎರಡು ಸೀಸನ್ ಮುಗಿಸಿ ನೇರವಾಗಿ 2013ರದ್ದು ಶುರು ಮಾಡಿದೆ, ತಲೆ ಕೆಟ್ಟುಹೋಗಿದೆ. ಎರಡನೇ ಸೀಸನ್‌ನಲ್ಲಿ ಏಳನೇ ಗೊಂಬೆ ಬಾರಾಸುಯಿಶೋ ಅಂದರು, ಇಲ್ಲಿ ನೋಡಿದರೆ ಕಿರಾಕಿಶೋ! ಜೊತೆಗೆ ಕಥಾನಾಯಕ ಜುನ್ ಈಗ ಕಾಲೇಜಿಗೆ ಹೋಗುತ್ತಿದ್ದಾನೆ. ನಡುವೆ ಎಷ್ಟು ವರ್ಷ ಕಳೆದಿದೆ?

ಉತ್ತರ 1: ಅದು ಮುಂದುವರಿಕೆಯೇ ಅಲ್ಲ. 2004 ಮತ್ತು 2005ರ ಸೀಸನ್‌ಗಳು ಮೂಲ ಮಂಗಾ (ಜಪಾನಿ ಕಾಮಿಕ್ಸ್) ಬಿಟ್ಟು ತಮ್ಮದೇ ದಾರಿ ಹಿಡಿದವು, ಅಲ್ಲಿ ಬಾರಾಸುಯಿಶೋಳನ್ನು ಮಾಡಿದ್ದು ರೋಜನ್ ಅಲ್ಲ, ಅವನ ಶಿಷ್ಯ ಎಂಜು. 2013ರದ್ದು ಮಂಗಾ ಕಥೆಯನ್ನೇ ಹಿಡಿದಿದೆ. ಗೊಂಬೆಯನ್ನು ಎಬ್ಬಿಸೋಕೆ ಕೀಲಿ ಕೊಡ್ತೀಯಾ ಇಲ್ವಾ ಅಂತ ಕೇಳಿದಾಗ ‘ಇಲ್ಲ’ ಅಂದ ಜುನ್ ಈ ಕಾಲೇಜು ಹುಡುಗ. ಅವನಿರೋದು ಬೇರೆಯೇ ಸಮಾನಾಂತರ ಜಗತ್ತಿನಲ್ಲಿ.

ಉತ್ತರ 2: 2006ರ ವಿಶೇಷ ಕಂತು ಓವರ್ಟ್ಯೂರ್ ಬಿಡಬೇಡಿ! ಎರಡೇ ಭಾಗ, ಹಳೆಯ ಲಂಡನ್‌ನಲ್ಲಿ ನಡೆಯುತ್ತದೆ. ಸುಯಿಗಿಂಟೋ ಅನ್ನೋ ಗೊಂಬೆಗೆ ಇನ್ನೊಂದು ಗೊಂಬೆ ಶಿಂಕು ಮೇಲೆ ಅಷ್ಟು ಸಿಟ್ಟು ಯಾಕೆ ಅಂತ ಅಲ್ಲೇ ಗೊತ್ತಾಗೋದು. ಸುಯಿಗಿಂಟೋ ಪೂರ್ತಿಯಾಗದೆ ಉಳಿದ ಗೊಂಬೆ, ಅಪ್ಪನನ್ನು (ಅಂದರೆ ರೋಜನ್‌ನನ್ನು) ನೋಡಬೇಕು ಅನ್ನೋ ಒಂದೇ ಆಸೆಯಿಂದ ಎದ್ದು ನಡೆದವಳು. ನನಗಂತೂ ಶಿಂಕು ಮಾಡಿದ್ದೇ ಜಾಸ್ತಿ ತಪ್ಪು ಅನಿಸಿತು.

ಉತ್ತರ 1: ಒಪ್ಪಲ್ಲ. ಶಿಂಕು ಮೊದಲು ಅವಳಿಗೆ ನಡೆಯೋದು ಕಲಿಸಿದಳು, ಅಲ್ವಾ?

ಉತ್ತರ 2: ಕಲಿಸಿದಳು, ಆದರೆ ಕರುಣೆಯಿಂದ. ತನ್ನ ಸಮ ಅಂತ ಒಪ್ಪಲೇ ಇಲ್ಲ.