ಹೈಬ್ರಿಡ್ ಮೆಕ್ಕೆಜೋಳದ ಬೀಜ ಉಳಿಸಿ ಬಿತ್ತಿದರೆ ಏನಾಗುತ್ತದೆ?

ಸೊರಬದ ರೈತ: ಹೋದ ವರ್ಷದ ಹೈಬ್ರಿಡ್ ಬೆಳೆಯಲ್ಲಿ ದಪ್ಪ ತೆನೆಗಳನ್ನೇ ಆರಿಸಿ ಈ ಸಲ ಬಿತ್ತಿದೆ. ಒಂದು ಗಿಡ ತಲೆ ಮೀರಿದೆ, ಪಕ್ಕದ್ದು ಸೊಂಟಕ್ಕೂ ಬಂದಿಲ್ಲ. ಒಂದರಲ್ಲಿ ಸೂಲಂಗಿ (ತುದಿಯ ಗಂಡು ಹೂ) ಒಣಗುತ್ತಿದೆ, ಇನ್ನೊಂದರಲ್ಲಿ ಸುಳಿಯೇ ಬಿಚ್ಚಿಲ್ಲ. ಪ್ರತಿ ವರ್ಷ ನಾವು ದುಡ್ಡು ಸುರಿಯಲಿ ಎಂದೇ ಕಂಪನಿಯವರು ಬೀಜ ಕೆಡಿಸಿ ಕೊಡುತ್ತಾರೆ.

ಬೀಜಪಾಠ: ಯಾರೂ ಕೆಡಿಸಿಲ್ಲ. ತಲೆಮಾರುಗಳ ಕಾಲ ತನ್ನದೇ ಪರಾಗದಿಂದ ಬೆಳೆಸಿದ ಎರಡು ಬಡಕಲು ತಳಿಗಳನ್ನು ಕೂಡಿಸಿದರೆ ಮೊದಲ ಪೀಳಿಗೆ ಹುರುಪಿನಿಂದ ಏಳುತ್ತದೆ. ಮುಂದಿನ ಪೀಳಿಗೆಯಲ್ಲಿ ಗುಣಗಳು ಚದುರುತ್ತವೆ, ಕೂಡಿಕೆಯಿಂದ ಬಂದ ಹೆಚ್ಚುವರಿ ಹುರುಪು ಸುಮಾರು ಅರ್ಧ ಇಳಿಯುತ್ತದೆ. ಅಮೆರಿಕದ ತಳಿವಿಜ್ಞಾನಿ ಶಲ್ 1908ರಲ್ಲೇ ಇದರ ಬುಡ ತೋರಿಸಿದ. ಅಲ್ಲಿನವನೇ ಆದ ಹೆನ್ರಿ ವ್ಯಾಲೆಸ್ ಹೈಬ್ರಿಡ್ ಮೆಕ್ಕೆಜೋಳದ ಬೀಜದ ಕಂಪನಿ ತೆರೆದದ್ದು 1926ರಲ್ಲಿ.

ಮಲೆನಾಡಿಗ: "ಬಡಕಲು ತಳಿ" ಎಂದು ನೀವೇ ಬರೆದಿರಿ! ಬಡಕಲಿಗೆ ಹುಟ್ಟಿದ್ದು ಹುಳುವನ್ನು ತಡೆದೀತೇ? 2018ರಲ್ಲಿ ಫಾಲ್ ಸೈನಿಕ ಹುಳು ದೇಶದಲ್ಲೇ ಮೊದಲು ಕಂಡದ್ದು ನಮ್ಮ ಶಿವಮೊಗ್ಗದಲ್ಲಿ. ಹೈಬ್ರಿಡ್ಡಿನ ಉಡುಗೊರೆ.

ಶಿಕಾರಿಪುರದವನು: "ಕಂಡದ್ದು" ಎಂದರೆ ಇಲ್ಲಿನ ಕೃಷಿ ಕಾಲೇಜಿನವರು ಗುರುತಿಸಿದ್ದು. ಹುಳು ಅಮೆರಿಕ ಖಂಡದ್ದು; 2016ರಲ್ಲಿ ಆಫ್ರಿಕಾಕ್ಕೆ ಕಾಲಿಟ್ಟಿತ್ತು, ಅಲ್ಲಿ ನಾಟಿ ಮೆಕ್ಕೆಜೋಳವನ್ನೂ ಬಿಟ್ಟಿಲ್ಲ. ಸುಳಿ ಬಿಡಿಸಿ, ಮರದ ಹೊಟ್ಟಿನಂಥ ಹಿಕ್ಕೆಯ ಕೆಳಗೆ ತಲೆಯ ಮೇಲೆ ಕವಲುಗೀಟು ಇರುವ ಹುಳುವನ್ನು ಒಮ್ಮೆಯಾದರೂ ನೋಡಿದ್ದೀರಾ?

ಮಲೆನಾಡಿಗ: ಕಾಲೇಜಿನವರು ಗುರುತಿಸದಿದ್ದರೆ ಹುಳುವೇ ಇರುತ್ತಿರಲಿಲ್ಲವೇನೋ! 1970ರಲ್ಲಿ ಅಮೆರಿಕದ ಮೆಕ್ಕೆಜೋಳ ಎಲೆ ಅಂಗಮಾರಿಗೆ ಸಿಕ್ಕಿ ಶೇ. 15ರಷ್ಟು ಹಾಳಾಯಿತಲ್ಲ, ಅದೂ ನಾಟಿಯದ್ದೇ?

ಬೀಜಪಾಠ: ಅದು ತಾಯಿಗಿಡದಿಂದ ಬರುವ ಟೆಕ್ಸಾಸ್ ಕೋಶದ್ರವ್ಯದ ದೋಷ; ಅದಿದ್ದ ಗಿಡ ಪರಾಗ ಬಿಡದು, ಆ ಅಂಗಮಾರಿಗೂ ಬೇಗ ಬೀಳುತ್ತದೆ. ಹೈಬ್ರಿಡ್ ಬೀಜ ಮಾಡುವಾಗ ತಾಯಿಗಿಡದ ಸೂಲಂಗಿ ಕೀಳುವ ಕೂಲಿ ಉಳಿಸಲು ಪರಾಗವೇ ಬಿಡದ ತಾಯಿಗಿಡವನ್ನು ಎಲ್ಲೆಡೆ ಬಳಸಿದ್ದರು. ಅದನ್ನು ಕೈಬಿಟ್ಟರು, ಹೈಬ್ರಿಡ್ಡನ್ನಲ್ಲ.

ತೀರ್ಥಹಳ್ಳಿ ತೋಟ: "ಕೂಲಿ ಉಳಿಸಲು". ಬಂತಲ್ಲ ನಿಜ ಬಾಯಿಗೆ! ಈ ಕುಲಾಂತರಿ ದಂಧೆಯೆಲ್ಲ ಲಾಭಕ್ಕೇ.

ಶಿಕಾರಿಪುರದವನು: ಕುಲಾಂತರಿ ಮೆಕ್ಕೆಜೋಳ ಬೆಳೆಯಲು ನಮ್ಮ ದೇಶದಲ್ಲಿ ಅನುಮತಿಯೇ ಇಲ್ಲ. ಎರಡು ತಳಿ ಕೂಡಿಸಿದ ಹೈಬ್ರಿಡ್ ಬೇರೆ, ಹೊರಗಿನ ಜೀನ್ ಸೇರಿಸಿದ ಕುಲಾಂತರಿ ಬೇರೆ. ಅಡಿಕೆ ನೆರಳಲ್ಲಿ ಕುಳಿತು ಜೋಳದ ಪಾಠ ಹೇಳಬೇಡಿ.

ತೀರ್ಥಹಳ್ಳಿ ತೋಟ: ಅಡಿಕೆಯವರಿಗೆ ಬಾಯಿ ಇರಬಾರದೇ? ನಾವು ತಾಯಿಮರ ನೋಡಿ ಬೀಜದ ಗೋಟು ಆರಿಸುತ್ತೇವೆ, ಯಾರ ಹಂಗೂ ಇಲ್ಲ. ನೀವು ಮುಂಗಾರು ಬಂತೆಂದರೆ ಬೀಜದಂಗಡಿಯ ಮುಂದೆ ಸಾಲು ನಿಲ್ಲುತ್ತೀರಿ.

ಶಿಕಾರಿಪುರದವನು: ಕೊಳೆ ರೋಗ ಬಂದಾಗ ಔಷಧಿ ಅಂಗಡಿಯ ಮುಂದೆ ನಿಲ್ಲುವವರು ಯಾರು ಸ್ವಾಮಿ?

ಸೊರಬದ ರೈತ: ನನ್ನ ಹೊಲದ ಮಾತು ಎಲ್ಲಿಗೆ ಹೋಯಿತು? ನಿಂತ ಬೆಳೆಯನ್ನು ಮೇವಿಗೆ ಕೊಯ್ಯಲೋ, ತೆನೆಗೆ ಬಿಡಲೋ?

ಬೀಜಪಾಠ: ಕುಳ್ಳಗಿರುವುದನ್ನು ಮೇವಿಗೆ ಕೊಯ್ಯಿರಿ. ಮುಂದಿನ ವರ್ಷ ಹೊಸ ಬೀಜ.

ಮಲೆನಾಡಿಗ: ಹುಳು ತಿಂದ ಮೇವನ್ನು ದನಕ್ಕೆ ಹಾಕಿಸುವವರು ನೀವೇ ಸರಿ.

ಸೊರಬದ ರೈತ: ನನ್ನ ಹೊಲದಲ್ಲಿ ಹುಳು ಇದೆ ಎಂದು ನಾನೆಲ್ಲಿ ಹೇಳಿದೆ?