ಸಹಾಯ ಬೇಕು: ಕೊರಿಯನ್ ಭಾಷೆಯ ಎರಡು ಭೂತಕಾಲ ರೂಪಗಳ ಗೊಂದಲ

ಎಲ್ಲರಿಗೂ ನಮಸ್ಕಾರ. ಟೋಪಿಕ್ (ಕೊರಿಯನ್ ಭಾಷಾ ಸಾಮರ್ಥ್ಯ) ಪರೀಕ್ಷೆಯ ಆರಂಭಿಕ ಹಂತಕ್ಕೆ ಸಿದ್ಧತೆ ನಡೆಸುತ್ತಿರುವ ನನಗೆ ಭೂತಕಾಲದ ಮೂಲ ನಿಯಮ ಅರ್ಥವಾಗಿದೆ: ಧಾತುವಿನ ಕೊನೆಯ ಸ್ವರ 'ಆ' ಅಥವಾ 'ಓ' ಆಗಿದ್ದರೆ 'ಅಸ್', ಉಳಿದ ಸ್ವರಗಳಿಗೆ 'ಒಸ್' ಸೇರುತ್ತದೆ, 'ಮಾಡು' ಎಂಬರ್ಥದ 'ಹದಾ' ಎಂಬುದು 'ಹೆಸ್ಸೊಯೊ' ಆಗುತ್ತದೆ. ಹೋದನು, ಹೋದಳು, ಹೋದವು ಎಂದು ನಮ್ಮಲ್ಲಿರುವಂತೆ ಲಿಂಗ ವಚನಗಳಿಗೆ ತಕ್ಕ ರೂಪಭೇದ ಅಲ್ಲಿಲ್ಲದಿರುವುದು ದೊಡ್ಡ ಅನುಕೂಲವೇ ಸರಿ.

ನಾನು ಸಿಕ್ಕಿಕೊಂಡಿರುವುದು 'ಹೋಗು' ಎಂಬರ್ಥದ ಧಾತುವಿನ 'ಕಸ್ಸೊಯೊ' ಮತ್ತು 'ಕಸ್ಸೊಸ್ಸೊಯೊ' ಎಂಬ ಎರಡು ರೂಪಗಳ ನಡುವೆ. ಎರಡನೆಯದು ಹೋಗಿ ಮರಳಿ ಬಂದದ್ದನ್ನು, ಅಂದರೆ ಪರಿಣಾಮ ಈಗ ಉಳಿದಿಲ್ಲದ ಕ್ರಿಯೆಯನ್ನು ಸೂಚಿಸುತ್ತದೆ ಎಂದು ಓದಿದ ಮೇಲೆ, ಇವನ್ನು ನಮ್ಮ 'ಹೋದೆ' ಮತ್ತು 'ಹೋಗಿದ್ದೆ'ಗಳಿಗೆ ಹೊಂದಿಸಿಕೊಂಡು ವಾಕ್ಯಗಳನ್ನು ಬರೆದು ನೋಡಿದೆ. ಬುಸಾನ್‌ಗೆ ಹೋಗಿದ್ದೆ ಎಂಬಂಥ ವಾಕ್ಯಗಳಲ್ಲಿ ಈ ಹೊಂದಾಣಿಕೆ ಚೆನ್ನಾಗಿಯೇ ನಡೆಯುತ್ತದೆ. ಆದರೆ 'ಗ್ಯೊಲ್‌ಹೊನ್‌ಹೆಸ್ಸೊಯೊ' ಎಂಬ ಸರಳ ಭೂತಕಾಲವೇ 'ಮದುವೆಯಾಗಿದೆ' ಎಂಬ ಇಂದಿನ ಸ್ಥಿತಿಯನ್ನು ಹೇಳುತ್ತದೆ. ಅದನ್ನೇ 'ಗ್ಯೊಲ್‌ಹೊನ್‌ಹೆಸ್ಸೊಸ್ಸೊಯೊ' ಎಂದರೆ ಆ ದಾಂಪತ್ಯ ಈಗ ಇಲ್ಲವೆಂಬ ಧ್ವನಿ ಬರುತ್ತದೆ. ಕನ್ನಡದ 'ಮದುವೆಯಾಗಿತ್ತು' ಎಂಬುದಕ್ಕೆ ಆ ಧ್ವನಿ ಕಡ್ಡಾಯವಲ್ಲ. 'ನಾನು ಊರು ಬಿಡುವಷ್ಟರಲ್ಲಿ ಅವಳಿಗೆ ಮದುವೆಯಾಗಿತ್ತು' ಎಂದಾಗ ಯಾವುದು ಮೊದಲು ನಡೆಯಿತೆಂಬುದಷ್ಟೇ ಮುಖ್ಯ. ವ್ಯಾಕರಣದ ಪುಸ್ತಕ ಹಾಗೂ ವೀಡಿಯೊ ಪಾಠಗಳಲ್ಲಿ ಹುಡುಕಿದರೂ ಹೀಗೆ ಯಾವುದು ಮೊದಲೆಂದು ಹೇಳುವ ಬಳಕೆಗೆ ನೇರ ಉತ್ತರ ಸಿಗಲಿಲ್ಲ.

ಕೊರಿಯನ್ ಬಲ್ಲವರು ದಯವಿಟ್ಟು ತಿಳಿಸಿ: 'ನಾನು ನಿಲ್ದಾಣ ತಲುಪುವಷ್ಟರಲ್ಲಿ ರೈಲು ಹೊರಟಿತ್ತು' ಎಂಬಲ್ಲಿ 'ಈಗಾಗಲೇ' ಎಂಬರ್ಥದ 'ಇಮಿ'ಯೊಂದಿಗೆ ಸರಳ ಭೂತಕಾಲವನ್ನು ಬಳಸಿದರೆ ಸಾಕೇ, ಅಥವಾ 'ಕಸ್ಸೊಸ್ಸೊಯೊ'ದಂಥ ಇಮ್ಮಡಿ ರೂಪವೇ ಬೇಕೇ?