ಅಪ್‌ಡೇಟ್: ಪೆಟ್ಟಿಗೆ ಅಂಚಿನ ಕಪ್ಪು ಗೆರೆ ಹೋಯ್ತು

ಹೋದ ವಾರ ಕೇಳಿದ್ದೆನಲ್ಲ, ಬ್ಲೆಂಡರ್ ಅನ್ನೋ 3ಡಿ ಸಾಫ್ಟ್‌ವೇರ್‌ನಲ್ಲಿ ಮಾಡಿದ ಮರದ ಪೆಟ್ಟಿಗೆಯನ್ನ ಗೇಮ್‌ಗೆ ಹಾಕಿದ ಮೇಲೆ ದೂರದಿಂದ ನೋಡಿದರೆ ಅಂಚಿಗೆಲ್ಲ ಕಪ್ಪು ಗೆರೆ ಕಾಣುತ್ತೆ ಅಂತ. ಸರಿಹೋಯ್ತು.

ಪೆಟ್ಟಿಗೆಯ ಮೈಗೆ ಹೊದಿಸೋ ಚಿತ್ರಕ್ಕೆ ಟೆಕ್ಸ್ಚರ್ ಅಂತಾರೆ. ಅದರಲ್ಲಿ ಯುವಿ ತುಂಡುಗಳ, ಅಂದರೆ ಮೈಯನ್ನ ಬಿಚ್ಚಿ ಚಪ್ಪಟೆಯಾಗಿ ಹರಡಿದ ಭಾಗಗಳ, ಸುತ್ತಲಿನ ಖಾಲಿ ಜಾಗ ಕಪ್ಪಾಗೇ ಉಳಿದಿತ್ತು. ದೂರ ಹೋದಂತೆ ಗೇಮ್ ಇಂಜಿನ್ ಟೆಕ್ಸ್ಚರಿನ ಚಿಕ್ಕ ಪ್ರತಿ, ಅಂದರೆ ಮಿಪ್‌ಮ್ಯಾಪ್, ಬಳಸುತ್ತೆ. ಅದರಲ್ಲಿ ಅಕ್ಕಪಕ್ಕದ ಪಿಕ್ಸೆಲ್ ಬೆರೆತು ಆ ಕಪ್ಪು ಒಳಗೆ ನುಸುಳ್ತಿತ್ತು. ಟೆಕ್ಸ್ಚರ್ ಪೇಂಟ್‌ನಲ್ಲಿ ಬ್ಲೀಡ್, ಅಂದರೆ ಬಣ್ಣ ತುಂಡಿನ ಅಂಚು ದಾಟಿ ಹರಡೋ ಅಳತೆ, 2ರಿಂದ 8 ಪಿಕ್ಸೆಲ್‌ಗೆ ಏರಿಸಿ, ಅಂಚುಗಳ ಮೇಲೆ ಇನ್ನೊಮ್ಮೆ ಬ್ರಷ್ ಎಳೆದೆ. ಅಷ್ಟೇ.

'ಪ್ಲಾಸ್ಟಿಕ್ ಥರ ಇದೆ' ಅಂದವರು ಹೇಳಿದ್ದೂ ನಿಜ. ನೆರಳಿಗೆಲ್ಲ ಬರೀ ಕಪ್ಪು ಬೆರೆಸಿದ್ದೆ. ಈಗ ನೆರಳನ್ನ ನೇರಳೆ ಕಡೆ, ಬೆಳಕನ್ನ ಹಳದಿ ಕಡೆ ತಿರುಗಿಸಿದ್ದೀನಿ. ಹಲಗೆಯ ಮೇಲಂಚಿಗೆ ತೆಳುವಾಗಿ ತಿಳಿಬಣ್ಣ, ಕಬ್ಬಿಣದ ಪಟ್ಟಿ ಕೆಳಗೆ ತುಸು ನೆರಳು, ಮೊಳೆ ಸುತ್ತ ಚೂರು ತುಕ್ಕು. ಮರದ ಎಳೆ ಒಂದೊಂದಾಗಿ ಬಿಡಿಸೋ ಹುಚ್ಚು ಬಿಟ್ಟೆ. 512 ಪಿಕ್ಸೆಲ್ ಅಗಲದ ಟೆಕ್ಸ್ಚರ್‌ನಲ್ಲಿ ಅದೆಲ್ಲ ಕಲಸಿಹೋಗುತ್ತೆ. ಕಾಣದ ತಳ ಕಿತ್ತು, ಬೆವೆಲ್ (ಅಂಚಿನ ದುಂಡನೆ) ಕಮ್ಮಿ ಮಾಡಿದ್ದಕ್ಕೆ ಪೆಟ್ಟಿಗೆಯ ಆಕಾರ ಕಟ್ಟೋ ತ್ರಿಕೋನಗಳು 1,840ರಿಂದ 412ಕ್ಕೆ ಇಳಿದಿವೆ.

ನಡುವೆ ಒಂದು ಸಂಜೆಯ ಕೆಲಸ ನೀರಲ್ಲಿ ಹೋಮ ಆಯ್ತು. ಕರೆಂಟ್ ಹೋಯ್ತು. ಬ್ಲೆಂಡ್ ಫೈಲ್ ಸೇವ್ ಆಗಿತ್ತು, ಬಣ್ಣ ಬಳಿದ ಚಿತ್ರ ಆಗಿರಲಿಲ್ಲ! ಅದನ್ನ ಇಮೇಜ್ ಎಡಿಟರ್‌ನಲ್ಲಿ ಬೇರೆಯಾಗೇ ಸೇವ್ ಮಾಡಬೇಕು.

ಎಡಬದಿಯ ಬಿರುಕು ಬಲಕ್ಕೂ ಹಾಗೇ ಕಾಣುತ್ತೆ, ಎರಡೂ ಬದಿಗೆ ಒಂದೇ ಯುವಿ ತುಂಡು ಹಂಚಿದ್ದಕ್ಕೆ. ಪೆಟ್ಟಿಗೆಯ ಎಡ, ಬಲ ಎರಡೂ ಬದಿ ಯಾರೂ ಒಟ್ಟಿಗೆ ನೋಡಲ್ಲ, ಇರಲಿ ಬಿಡಿ.